ನೆನಪು: ಹುಟ್ಟಿನ ವರವೋ, ಸಂಸ್ಕಾರದ ಫಲವೋ?

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ದೀಪ ಹಚ್ಚುವ ಹೊತ್ತಿಗೆ ಅಂಗಡಿಯ ಕಟ್ಟೆಯ ಮೇಲೆ ನಾಲ್ವರು ಹಿರಿಯರು ಕೂಡಿದರೆ, ತೊಗರಿಯ ಧಾರಣೆಯಿಂದ ಹೊರಟ ಮಾತು ಬಹುತೇಕ ಒಂದೇ ಕಡೆಗೆ ಬಂದು ನಿಲ್ಲುತ್ತದೆ: ಈಗಿನ ಹುಡುಗರಿಗೆ ನೆನಪಿನ ಶಕ್ತಿ ಉಳಿದಿಲ್ಲ. ಹದಿಮೂರರ ಮಗ್ಗಿ ಕೇಳಿದರೆ ಜೇಬಿಗೆ ಕೈ ಹಾಕುತ್ತಾರೆ. ಇಪ್ಪತ್ನಾಲ್ಕು ತೀರ್ಥಂಕರರ ಹೆಸರು ಕೇಳಿದರೆ ಹನ್ನೆರಡಕ್ಕೆ ತಡವರಿಸುತ್ತಾರೆ. ಮುತ್ಯಾನ ಅಪ್ಪನ ಹೆಸರು ಕೇಳಿದರೆ ತಾಯಿಯ ಮುಖ ನೋಡುತ್ತಾರೆ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಮೊಮ್ಮಗನ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: "ಎಲ್ಲಾ ಇದರಾಗ ಅದ ಅಲ್ಲ ಮುತ್ಯಾ, ಮತ್ತ ತಲ್ಯಾಗ ಯಾಕ ಇಟ್ಕೋಬೇಕು?"

ಈ ವಾದದಲ್ಲಿ ಇಬ್ಬರೂ ತಪ್ಪಿದ್ದಾರೆ. ಅದರಲ್ಲೂ ಹಿರಿಯರು ಹೆಚ್ಚು ತಪ್ಪಿದ್ದಾರೆ. ನೆನಪು ಎಂಬುದು ತಲೆಬುರುಡೆಯೊಳಗಿನ ಒಂದು ಪಾತ್ರೆ, ಅದು ಕೆಲವರಿಗೆ ದೊಡ್ಡದಾಗಿಯೂ ಕೆಲವರಿಗೆ ಸಣ್ಣದಾಗಿಯೂ ಹುಟ್ಟಿನಿಂದಲೇ ಬರುತ್ತದೆ ಎಂಬುದು ಹಿರಿಯರ ನಂಬಿಕೆ. ಪಾತ್ರೆಯೇ ಆದಮೇಲೆ ಅದನ್ನು ಜೇಬಿನಲ್ಲಿಟ್ಟರೂ ಒಂದೇ, ತಲೆಯಲ್ಲಿಟ್ಟರೂ ಒಂದೇ ಎಂಬುದು ಕಿರಿಯನ ತೀರ್ಮಾನ. ಹಿರಿಯರ ನಂಬಿಕೆಯಿಂದಲೇ ಕಿರಿಯನ ತೀರ್ಮಾನ ಹುಟ್ಟಿದೆ. ಆದರೆ ನೆನಪು ಪಾತ್ರೆಯಲ್ಲ, ಪಳಗಿಕೆ. ಪಳಗಿಸುವುದು ಮನೆ, ಅಂಗಡಿ, ಪಾಠಶಾಲೆ, ಹಬ್ಬ, ಭಾಷೆ. ಒಂದೇ ಮಾತಿನಲ್ಲಿ ಹೇಳುವುದಾದರೆ ಸಂಸ್ಕೃತಿ. ಮೊಮ್ಮಗನ ನೆನಪು ಬರಿದಾಗಿದ್ದರೆ, ಅದನ್ನು ಬರಿದು ಮಾಡಿದವರು ಯಾರು ಎಂದು ಕಟ್ಟೆಯ ಮೇಲೆ ಕುಳಿತವರು ಮೊದಲು ಕೇಳಿಕೊಳ್ಳತಕ್ಕದ್ದು.

ಹಾಲಿ ಮತ್ತು ಕಲ್ದಾರ

ಮುಂಬಯಿ ಕಡೆಯ ರೈಲು ಹಾದಿಯೂ ಮದ್ರಾಸಿನ ಕಡೆಯ ಹಾದಿಯೂ 1871ರಲ್ಲಿ ರಾಯಚೂರಿನಲ್ಲಿ ಸಂಧಿಸಿದವು. ಆ ಹಾದಿಯ ಮೇಲಿನ ನಿಲ್ದಾಣದ ಮಗ್ಗುಲಿನ ಪೇಟೆಯೇ ಸ್ಟೇಶನ್ ಬಜಾರ. ಕಲಬುರಗಿ ಆಗ ನಿಜಾಮರ ಸೀಮೆ. ಸೋಲಾಪುರ ಬ್ರಿಟಿಷರ ಸೀಮೆ. ನಿಜಾಮರದು ಹಾಲಿ ಸಿಕ್ಕಾ, ಬ್ರಿಟಿಷರದು ಕಲ್ದಾರ ರೂಪಾಯಿ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ. ರೈಲಿನಿಂದ ಇಳಿದ ಮಾಲಿನ ಖರೀದಿ ಕಲ್ದಾರದಲ್ಲಿ, ರೈತನ ಕೈಯಲ್ಲಿ ಇರುತ್ತಿದ್ದುದು ಹಾಲಿ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ, ತೂಕ ಸೇರು-ಮಣಗಳಲ್ಲಿ. ಇಷ್ಟನ್ನೂ ಬೆರೆಸಿ ಗಿರಾಕಿ ಕಟ್ಟೆ ಇಳಿಯುವಷ್ಟರಲ್ಲಿ ಲೆಕ್ಕ ಹೇಳುವುದು ಅಂದಿನ ಅಂಗಡಿಯ ಹುಡುಗನ ನಿತ್ಯದ ಕೆಲಸವಾಗಿತ್ತು. ಅವನು ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ, ಎರಡೂವರೆಗಳ ಮಗ್ಗಿಗಳನ್ನು ರಾಗವಾಗಿ ಹೇಳಿ ಕಲಿತಿದ್ದನು. ಮರಾಠಿ ಬಲ್ಲ ಮನೆಗಳಲ್ಲಿ ಅವಕ್ಕೆ ಪಾವ್ಕಿ, ನಿಮ್ಕಿ, ದೀಡ್ಕಿ ಎಂಬ ಹೆಸರುಗಳಿದ್ದವು.

ಆ ಹುಡುಗನ ಮೆದುಳು ಬೇರೆ ಮಣ್ಣಿನಿಂದ ಮಾಡಿದ್ದಾಗಿತ್ತೇ? ಇಲ್ಲ. ದಿನಕ್ಕೆ ನೂರು ಸಲ ಆ ಲೆಕ್ಕ ಅವನ ನಾಲಿಗೆಯ ಮೇಲೆ ಬರುತ್ತಿತ್ತು. ತಪ್ಪಿದರೆ ಗಂಟು ಹೋಗುತ್ತಿತ್ತು. ಸರಿಯಾದರೆ ಯಜಮಾನನು ತಲೆದೂಗುತ್ತಿದ್ದನು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು. 1958ರಿಂದ ಕಿಲೋಗ್ರಾಂ-ಲೀಟರುಗಳ ಅಳತೆ ಹಂತಹಂತವಾಗಿ ಜಾರಿಗೆ ಬಂತು. 1959ರಲ್ಲಿ ಹಾಲಿ ಸಿಕ್ಕಾದ ಚಲಾವಣೆಯೇ ಮುಗಿಯಿತು. ಹತ್ತರಿಂದ ಗುಣಿಸುವುದಕ್ಕೆ ದೀಡ್ಕಿಯ ಹಂಗಿಲ್ಲ. ಸುಧಾರಣೆ ಒಳ್ಳೆಯದೇ, ಅದನ್ನು ಯಾರೂ ಹಳಿಯಬೇಕಾಗಿಲ್ಲ. ಆದರೆ ಯಾವ ಚೌಕಟ್ಟಿನ ಮೇಲೆ ಆ ನೆನಪು ಬಳ್ಳಿಯಂತೆ ಹಬ್ಬಿತ್ತೋ ಆ ಚೌಕಟ್ಟನ್ನು ಕಿತ್ತಮೇಲೆ, ಬಳ್ಳಿ ಏಕೆ ಏರಲಿಲ್ಲ ಎಂದು ಮೊಮ್ಮಗನನ್ನು ಗದರಿಸುವುದು ಯಾವ ನ್ಯಾಯ?

ಇನ್ನೊಂದು ಉದಾಹರಣೆ ವರ್ತಕರಿಗೆಲ್ಲ ತಿಳಿದದ್ದೇ. ಮಹಾವೀರಸ್ವಾಮಿಯ ನಿರ್ವಾಣ ದೀಪಾವಳಿಯ ಅಮಾವಾಸ್ಯೆಯಂದು ಎಂದು ಸಂಪ್ರದಾಯ. ಕ್ರಿಸ್ತಪೂರ್ವ 527ರಿಂದ ವೀರನಿರ್ವಾಣ ಸಂವತ್ಸರದ ಎಣಿಕೆ. ಹೊಸ ವಹಿಯ ಮೊದಲ ಹಾಳೆಯಲ್ಲಿ ಆ ಸಂವತ್ಸರದ ಅಂಕಿಯನ್ನು ಬರೆದ ಕೈ ಅದನ್ನು ಮರೆಯುವಂತಿರಲಿಲ್ಲ. ಏಕೆಂದರೆ ವರುಷದ ಲಾಭ-ಹಾನಿಯೂ ಅದೇ ದಿನಕ್ಕೆ ಮುಗಿಯುತ್ತಿತ್ತು. 1989ರ ಏಪ್ರಿಲಿನಿಂದ ಆದಾಯ ತೆರಿಗೆಗೆ ಎಲ್ಲರಿಗೂ ಮಾರ್ಚ್ 31ಕ್ಕೆ ಮುಗಿಯುವ ಒಂದೇ ವರುಷ ಎಂದಾಯಿತು. ಪೂಜೆ ಉಳಿಯಿತು, ವಹಿ ಹೋಯಿತು. ಇಂದು ವೀರನಿರ್ವಾಣ ಸಂವತ್ಸರ ಎಷ್ಟನೆಯದೆಂದು ಕೇಳಿದರೆ ಎಷ್ಟು ಅಂಗಡಿಗಳಲ್ಲಿ ಗೋಡೆಯ ಪಂಚಾಂಗ ನೋಡದೆ ಉತ್ತರ ಬಂದೀತು? ಭಕ್ತಿ ಕುಂದಿದ್ದರಿಂದ ಆ ಅಂಕಿ ಮರೆತುಹೋಗಲಿಲ್ಲ. ಅದನ್ನು ಕೈಯಾರೆ ಬರೆಯುವ ಪ್ರಸಂಗ ತಪ್ಪಿದ್ದರಿಂದ ಮರೆತುಹೋಯಿತು.

ಪಶ್ಚಿಮದವರು ತಡವಾಗಿ ಕಂಡದ್ದು

ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸರಳ ಪ್ರಯೋಗವನ್ನು ವಿವರಿಸಿದ್ದಾನೆ. ಅಮೆರಿಕದ ಆದಿವಾಸಿಗಳ ಒಂದು ಕಥೆಯನ್ನು ಇಂಗ್ಲಿಷ್ ಓದುಗರಿಗೆ ಓದಲು ಕೊಟ್ಟು, ಅನಂತರ ನೆನಪಿನಿಂದ ಹೇಳಿಸಿದನು. ಕಥೆಯ ತೋಡುದೋಣಿಗಳು ಸಾದಾ ದೋಣಿಗಳಾದವು. ಕಡಲನಾಯಿಯ ಬೇಟೆ ಮೀನುಗಾರಿಕೆಯಾಯಿತು. ಇಂಗ್ಲಿಷರಿಗೆ ಅರ್ಥವಾಗದ ಭೂತಗಳು ಮೆಲ್ಲಗೆ ಕಥೆಯಿಂದ ಜಾರಿಹೋದವು. ಯಾರೂ ಬೇಕೆಂದು ಸುಳ್ಳು ಹೇಳಿರಲಿಲ್ಲ. ಪ್ರತಿಯೊಬ್ಬನೂ ತನ್ನ ಸಂಸ್ಕೃತಿಯ ಅಚ್ಚಿಗೆ ಒಗ್ಗಿದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಟ್ಟಿದ್ದನು. ಇದಕ್ಕೂ ಮುಂಚೆ, 1925ರಲ್ಲಿಯೇ, ಫ್ರಾನ್ಸಿನ ಮಾರಿಸ್ ಹಾಲ್ಬ್‌ವಾಕ್ಸ್ ಎಂಬ ಸಮಾಜಶಾಸ್ತ್ರಜ್ಞನು ಮನುಷ್ಯನು ಸಮಾಜದ ಚೌಕಟ್ಟಿನಲ್ಲಿಯೇ ನೆನೆಯುತ್ತಾನೆಂದು ಪ್ರತಿಪಾದಿಸಿದ್ದನು. 2001ರಲ್ಲಿ ಚೀ ವಾಂಗ್ ಎಂಬ ಸಂಶೋಧಕಿ ಅಮೆರಿಕದ ಮತ್ತು ಚೀನದ ವಿದ್ಯಾರ್ಥಿಗಳ ಬಾಲ್ಯದ ಮೊಟ್ಟಮೊದಲ ನೆನಪುಗಳನ್ನು ಹೋಲಿಸಿದರು. ಅಮೆರಿಕದವರ ಮೊದಲ ನೆನಪು ಸರಾಸರಿ ಮೂರೂವರೆ ವಯಸ್ಸಿನದು. ಚೀನದವರದು ಸುಮಾರು ಆರು ತಿಂಗಳು ತಡ. ಅಮೆರಿಕದವರ ನೆನಪಿನ ನಡುವೆ 'ನಾನು' ಇತ್ತು. ಚೀನದವರ ನೆನಪಿನಲ್ಲಿ ಮನೆಯವರೂ ನಿತ್ಯದ ರೂಢಿಗಳೂ ಇದ್ದವು. ಮನೆಯಲ್ಲಿ ಮಗುವಿನೊಡನೆ ಆಡುವ ಮಾತು ಯಾವ ಬಗೆಯದೋ ನೆನಪೂ ಅದೇ ಬಗೆಯದು.

ಶಾಸ್ತ್ರ ಮೊದಲೇ ಕಂಡದ್ದು

ಈ ವಿಷಯವನ್ನು ಕಲಿಯಲು ಜೈನ ಓದುಗನು ಕೇಂಬ್ರಿಜ್‌ವರೆಗೆ ಹೋಗಬೇಕಾಗಿರಲಿಲ್ಲ. ನ್ಯಾಯ, ಮೀಮಾಂಸಾದಿ ದರ್ಶನಗಳು ಸ್ಮೃತಿಗೆ ಪ್ರಮಾಣದ ಪದವಿಯನ್ನು ಕೊಡಲಿಲ್ಲ. ಒಮ್ಮೆ ತಿಳಿದುದನ್ನೇ ಅದು ಮತ್ತೆ ತಿಳಿಸುತ್ತದೆ, ಹೊಸದೇನನ್ನೂ ಕೊಡುವುದಿಲ್ಲ ಎಂಬುದು ಅವುಗಳ ಆಕ್ಷೇಪ. ಅಕಲಂಕದೇವನ ಜಾಡಿನಲ್ಲಿ ನಡೆದ ಜೈನ ತಾರ್ಕಿಕರು ಮಾತ್ರ ಸ್ಮೃತಿಯನ್ನು ಪ್ರತ್ಯಭಿಜ್ಞಾನ, ತರ್ಕ, ಅನುಮಾನ, ಆಗಮಗಳ ಸಾಲಿನಲ್ಲಿ ಪರೋಕ್ಷ ಪ್ರಮಾಣವೆಂದು ಗಣಿಸಿದರು. ಮಾಣಿಕ್ಯನಂದಿಯ ಪರೀಕ್ಷಾಮುಖದಲ್ಲಿ ಈ ಐದರ ವಿಭಾಗ ಸ್ಪಷ್ಟವಾಗಿದೆ. ಸ್ಮೃತಿ ಹುಟ್ಟುವುದು ಸಂಸ್ಕಾರ ಎಚ್ಚರಗೊಂಡಾಗ ಎಂಬುದು ಅಲ್ಲಿಯ ನಿರ್ಣಯ. ಸಂಸ್ಕಾರ, ಸಂಸ್ಕೃತಿ ಎಂಬ ಎರಡು ಶಬ್ದಗಳಿಗೂ ಧಾತು ಒಂದೇ ಎಂಬುದು ಇಲ್ಲಿ ಬರಿಯ ಕಾಕತಾಳೀಯವಲ್ಲ.

ತತ್ತ್ವಾರ್ಥಸೂತ್ರವು ಮತಿಜ್ಞಾನಕ್ಕೆ ನಾಲ್ಕು ಮೆಟ್ಟಿಲುಗಳನ್ನು ಹೇಳುತ್ತದೆ. ಮೊದಲು ವಸ್ತು ಇಂದ್ರಿಯಕ್ಕೆ ತಾಗುವುದು ಅವಗ್ರಹ. ಇದೇನಿರಬಹುದೆಂದು ವಿಚಾರಿಸುವುದು ಈಹೆ. ಇದು ಇಂಥದೇ ಎಂದು ನಿಶ್ಚಯಿಸುವುದು ಅವಾಯ. ನಿಶ್ಚಯಿಸಿದ್ದನ್ನು ಬಿಡದೆ ಹಿಡಿಯುವುದು ಧಾರಣೆ. ಪೇಟೆಯಲ್ಲಿ ಧಾರಣೆ ಎಂದರೆ ದಿನಕ್ಕೊಮ್ಮೆ ಏರಿಳಿಯುವ ಬೆಲೆ. ಶಾಸ್ತ್ರದಲ್ಲಿ ಧಾರಣೆ ಎಂದರೆ ಏರಿಳಿಯದೆ ನಿಲ್ಲುವುದು. ವರ್ತಕನಿಗೆ ಎರಡೂ ಬೇಕು.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ನೆನಪಿನ ಹೆಚ್ಚು-ಕಡಿಮೆಗೆ ಮತಿಜ್ಞಾನಾವರಣೀಯ ಕರ್ಮದ ಕ್ಷಯೋಪಶಮವೇ ಕಾರಣವಾಗಿರುವಾಗ, ಸಂಸ್ಕೃತಿಯ ಮಾತೆಲ್ಲಿಯದು? ಇದಕ್ಕೆ ಉತ್ತರವೂ ಶಾಸ್ತ್ರದೊಳಗೇ ಇದೆ. ಕಾರ್ಯಕ್ಕೆ ಉಪಾದಾನವೂ ಬೇಕು, ನಿಮಿತ್ತವೂ ಬೇಕು. ಕ್ಷಯೋಪಶಮವು ಬಾಗಿಲನ್ನು ತೆರೆಯುತ್ತದೆ. ತೆರೆದ ಬಾಗಿಲಿನಿಂದ ಒಳಗೆ ಏನು ಬರಬೇಕೆಂಬುದನ್ನು ಮನೆಯವರು ನಿರ್ಣಯಿಸುತ್ತಾರೆ. ಕರ್ಮದ ಹೆಸರು ಹೇಳಿ ಕರ್ತವ್ಯದಿಂದ ನುಣುಚಿಕೊಳ್ಳುವುದು ಸಿದ್ಧಾಂತವಲ್ಲ, ಸೋಮಾರಿತನ.

ಗಿಳಿಪಾಠವೆಂಬ ಬೈಗುಳ

ನವೀನ ಶಿಕ್ಷಣದವರು ಕಂಠಪಾಠವನ್ನು ಗಿಳಿಪಾಠವೆಂದು ಜರೆಯುತ್ತಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಅರ್ಥವಿಲ್ಲದೆ ಸ್ತೋತ್ರ ಒದರಿಸುವ ಪಾಠಶಾಲೆ, ಮೊದಲ ಮೆಟ್ಟಿಲಿನಿಂದ ನಾಲ್ಕನೆಯದಕ್ಕೆ ಹಾರಲು ಮಗುವನ್ನು ಒತ್ತಾಯಿಸುತ್ತದೆ. ಈಹೆಯಿಲ್ಲ, ಅವಾಯವಿಲ್ಲ, ನೇರವಾಗಿ ಧಾರಣೆ. ಅಂಥ ಧಾರಣೆ ಪರೀಕ್ಷೆಯ ಮರುದಿನವೇ ಉದುರುತ್ತದೆ. ಆದರೆ ನವೀನ ಶಾಲೆ ಮಾಡುವ ತಪ್ಪು ಇದಕ್ಕೆ ಸಮನಾದದ್ದೇ. ತಿಳಿದರೆ ಸಾಕು, ಹಿಡಿದಿಡಬೇಕಾಗಿಲ್ಲ ಎಂದು ಅದು ಮೂರನೆಯ ಮೆಟ್ಟಿಲಿನಲ್ಲಿ ಮಗುವನ್ನು ನಿಲ್ಲಿಸಿ ಗಂಟೆ ಬಾರಿಸಿಬಿಡುತ್ತದೆ. ಒಬ್ಬರು ನಡುವಿನ ಮೆಟ್ಟಿಲು ಮುರಿದರು, ಇನ್ನೊಬ್ಬರು ಕೊನೆಯ ಮೆಟ್ಟಿಲು ಮುರಿದರು. ಬಿದ್ದದ್ದು ಮಗು.

ನಾಲ್ಕೂ ಮೆಟ್ಟಿಲನ್ನು ಕಟ್ಟಿದ ಗ್ರಂಥವೊಂದು ಇದೇ ನಾಡಿನಲ್ಲಿ ಹುಟ್ಟಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. ಭಿನ್ನರಾಶಿ, ತ್ರೈರಾಶಿಕ, ಬಡ್ಡಿ, ಕ್ಷೇತ್ರಫಲಗಳ ಸೂತ್ರಗಳೆಲ್ಲ ಪದ್ಯದಲ್ಲಿವೆ, ಪದ್ಯ ಧಾರಣೆಗಾಗಿ. ಪ್ರತಿ ಸೂತ್ರದ ಬೆನ್ನಿಗೆ ಮಾವು, ಬಾಳೆ, ಚಿನ್ನ, ದುಂಬಿ, ವರ್ತಕರನ್ನು ಕುರಿತ ಲೆಕ್ಕಗಳಿವೆ. ಅವು ಈಹೆಗಾಗಿ, ಅವಾಯಕ್ಕಾಗಿ. 1912ರಲ್ಲಿ ಎಂ. ರಂಗಾಚಾರ್ಯರು ಮದ್ರಾಸಿನಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸುವ ತನಕ ಅದರ ಹೆಸರು ಎಷ್ಟು ಜನರ ಬಾಯಲ್ಲಿತ್ತು? ಇಂದಾದರೂ ಎಷ್ಟು ಜನರ ಬಾಯಲ್ಲಿದೆ?

ಬರೆದಿಟ್ಟರೆ ಉಳಿಯುತ್ತದೆ ಎಂಬ ಭ್ರಮೆಗೂ ಸಮಾಜದ ಇತಿಹಾಸದಲ್ಲಿ ಉತ್ತರವಿದೆ. ಶ್ರುತಪರಂಪರೆ ಕ್ಷೀಣಿಸುತ್ತಿರುವುದನ್ನು ಕಂಡು ಧರಸೇನಾಚಾರ್ಯರು ಗಿರಿನಗರದಲ್ಲಿ ಪುಷ್ಪದಂತ-ಭೂತಬಲಿಗಳಿಗೆ ತಮ್ಮ ನೆನಪಿನಲ್ಲಿದ್ದುದನ್ನು ಧಾರೆಯೆರೆದರು. ಷಟ್ಖಂಡಾಗಮ ಬರವಣಿಗೆಗೆ ಇಳಿಯಿತು. ಆ ದಿನವೇ ಶ್ರುತಪಂಚಮಿ. ಅದರ ಮೇಲಿನ ಧವಲಾ ಟೀಕೆಯ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಉಳಿದವು. ಉಳಿದವು ನಿಜ, ಆದರೆ ದರ್ಶನಕ್ಕಾಗಿ ಉಳಿದವು. ಯಾತ್ರಿಕರು ಕೈಮುಗಿದರು, ಓದಲಿಲ್ಲ. 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಗುವವರೆಗೆ ಅದು ಸಮಾಜದ ಪೆಟ್ಟಿಗೆಯಲ್ಲಿತ್ತು, ಸಮಾಜದ ನೆನಪಿನಲ್ಲಿರಲಿಲ್ಲ. ಸಂಗ್ರಹವೇ ನೆನಪಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಜೇಬಿನ ಯಂತ್ರ ಮತ್ತು ತಕ್ಕಡಿ

ಈಗ ಮೊಮ್ಮಗನ ಪ್ರಶ್ನೆ. ಎಲ್ಲವೂ ಯಂತ್ರದಲ್ಲಿರುವಾಗ ತಲೆಯಲ್ಲಿ ಏಕೆ? 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಗಣಕಯಂತ್ರ ಕಾಪಿಟ್ಟಿದೆ ಎಂದು ನಂಬಿದವರು ಓದಿದ ವಿಷಯವನ್ನು ಕಡಿಮೆ ನೆನಪಿಟ್ಟರೆಂದು ಕಂಡುಬಂತು. ದೂರವಾಣಿಯ ಅಂಕಿ, ರೈಲಿನ ವೇಳೆಗಳಂಥ ವಿಷಯಗಳಲ್ಲಿ ಇದರಿಂದ ಹಾನಿಯಿಲ್ಲ. ಆದರೆ ಎಲ್ಲ ನೆನಪೂ ರೈಲಿನ ವೇಳೆಯಲ್ಲ.

ಅಚೌರ್ಯವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಕಳವಿಗೆ ಪ್ರೇರಿಸುವುದು, ಕದ್ದ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರಿ ವ್ಯವಹರಿಸುವುದು, ತೂಕ-ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಒಳ್ಳೆಯ ಸರಕಿನಲ್ಲಿ ಹುಸಿ ಸರಕು ಬೆರೆಸುವುದು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ದೇಶದಲ್ಲಿ ತೊಗರಿ ಬೇಳೆಗೆ ಕೇಸರಿ ಬೇಳೆ ಬೆರೆಸುವ ಪಾಪದ ವ್ಯಾಪಾರ ಹಳೆಯದು. ಆ ಬೇಳೆಯನ್ನು ಬಹುಕಾಲ ಹೆಚ್ಚಾಗಿ ತಿಂದರೆ ಕಾಲು ಸೋಲುತ್ತದೆ. 1961ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಲಾಗಿತ್ತು. ಮೂಟೆಯ ಮುಂದೆ ನಿಂತವನಿಗೆ ಲೋಭ ಹುಟ್ಟುವುದು ಒಂದು ಕ್ಷಣದಲ್ಲಿ. ಆ ಕ್ಷಣದಲ್ಲಿ ಯಂತ್ರ ತಾನಾಗಿ ಮಾತನಾಡುವುದಿಲ್ಲ. ಕೇಳಿದರೆ ಮಾತ್ರ ಹೇಳುತ್ತದೆ. ಲೋಭದಲ್ಲಿರುವವನು ಎಂದೂ ಕೇಳುವುದಿಲ್ಲ. ಕರೆಯದೆ ಎದ್ದು ಬಂದು ಕೈ ಹಿಡಿಯುವುದು ಒಳಗೆ ಇಳಿದ ನೆನಪೊಂದೇ. ಸಂಸ್ಕಾರದ ಎಚ್ಚರವೆಂದು ತಾರ್ಕಿಕರು ಕರೆದದ್ದು ಇದನ್ನೇ. ಕಂಠಪಾಠದ ಪ್ರಯೋಜನ ಬಹುಮಾನ ಗಳಿಸುವುದಲ್ಲ, ತಕ್ಕಡಿಯ ಮುಂದೆ ತಲೆ ತಗ್ಗಿಸದಿರುವುದು.

ನೆನಪಿನ ಪ್ರದರ್ಶನಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮುಂಬಯಿಯಲ್ಲಿ ರತ್ನದ ವ್ಯಾಪಾರ ಮಾಡುತ್ತಿದ್ದ ಶ್ರೀಮದ್ ರಾಜಚಂದ್ರರು (1867–1901) ಹತ್ತೊಂಬತ್ತರ ಹರೆಯದಲ್ಲಿ ಶತಾವಧಾನ ಮಾಡಿ ಊರನ್ನೇ ಬೆರಗುಗೊಳಿಸಿದ್ದರು. ಅನಂತರ ಆತ್ಮಸಾಧನೆಗೆ ಅದು ಅಡ್ಡಿಯೆಂದು ಅವಧಾನವನ್ನೇ ಬಿಟ್ಟರು. ಗಾಂಧೀಜಿ ಅವರನ್ನು ಮೆಚ್ಚಿದ್ದು ಶತಾವಧಾನಕ್ಕಲ್ಲ, ಗದ್ದುಗೆಯ ಮೇಲೆ ಕುಳಿತು ವ್ಯಾಪಾರ ಮಾಡುತ್ತಲೇ ಕಳೆದುಕೊಳ್ಳದ ಆತ್ಮಸ್ಮರಣೆಗೆ.

ಮಳಖೇಡದ ನಾಲ್ಕು ನೆನಪುಗಳು

ವ್ಯಕ್ತಿಯ ನೆನಪಿನಂತೆ ಸಮಾಜದ ನೆನಪೂ ಆಯ್ದುಕೊಂಡೇ ಉಳಿಯುತ್ತದೆ. ಕಲಬುರಗಿಯಿಂದ ಸುಮಾರು 40 ಕಿಲೋಮೀಟರು ದೂರದಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡವಿದೆ. ಸ್ಟೇಶನ್ ಬಜಾರದ ಲಾರಿಯವನಿಗೆ ಮಳಖೇಡವೆಂದರೆ ಸಿಮೆಂಟು. ಉತ್ತರಾದಿ ಮಠದ ಭಕ್ತನಿಗೆ ಟೀಕಾರಾಯರ ಬೃಂದಾವನ. ಕನ್ನಡದ ಅಧ್ಯಾಪಕನಿಗೆ ಕವಿರಾಜಮಾರ್ಗ. ಜೈನನಿಗೆ ಜಿನಸೇನಾಚಾರ್ಯರು, ನೇಮಿನಾಥ ಬಸದಿ. ಊರು ಒಂದು, ನೆನಪು ನಾಲ್ಕು. ಒಂದೂ ಸುಳ್ಳಲ್ಲ, ಒಂದೂ ಪೂರ್ಣವಲ್ಲ. ಅನೇಕಾಂತವನ್ನು ವೇದಿಕೆಯ ಮೇಲೆ ಹೊಗಳುವ ಸಮಾಜ ಮಳಖೇಡದ ವಿಷಯದಲ್ಲಿ ಮಾತ್ರ ಏಕಾಂತಿಯಾಗುವುದುಂಟು.

ಅಮೋಘವರ್ಷನು ಜಿನಸೇನರ ಶಿಷ್ಯನೆಂಬುದನ್ನು ಸಭೆ ಸಭೆಯಲ್ಲೂ ಸಾರಲಾಗುತ್ತದೆ. ಆದರೆ 871ರ ಸಂಜಾನ ತಾಮ್ರಶಾಸನವು, ಲೋಕದ ಸಂಕಟ ನೀಗಲೆಂದು ಅದೇ ಅರಸನು ತನ್ನ ಎಡಗೈಯ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಹೇಳುತ್ತದೆ. ಈ ಮಾತು ಸಭೆಯಲ್ಲಿ ಬಾರದು. ಬೆರಳಿನ ಕಥೆ ಹೇಳುವವರು ಜಿನಸೇನರನ್ನು ಬಿಡುತ್ತಾರೆ. ಜಿನಸೇನರನ್ನು ಹೇಳುವವರು ಬೆರಳನ್ನು ಬಿಡುತ್ತಾರೆ. ಬಾರ್ಟ್ಲೆಟ್‌ನ ಇಂಗ್ಲಿಷರು ಭೂತಗಳನ್ನು ಬಿಟ್ಟದ್ದು ಹೀಗೆಯೇ. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಮಾಡಿದನು. ಆ ಸೂರೆಯ ನೋವು ಇಂದಿಗೂ ಭಾಷಣಕ್ಕೆ ಬರುತ್ತದೆ. ಅದಕ್ಕೆ ಏಳು ವರುಷ ಮೊದಲು, 965ರಲ್ಲಿ, ಅದೇ ಊರಿನಲ್ಲಿ ಪುಷ್ಪದಂತ ಕವಿ ಅಪಭ್ರಂಶದ ಮಹಾಪುರಾಣವನ್ನು ಮುಗಿಸಿದ್ದು ಬರುವುದಿಲ್ಲ. ನೋವನ್ನು ನೆನೆಯಲು ಓದು ಬೇಕಾಗಿಲ್ಲ. ಕಾವ್ಯವನ್ನು ನೆನೆಯಲು ಓದಲೇಬೇಕು. ವ್ಯತ್ಯಾಸ ಅಷ್ಟೇ.

ಏನನ್ನು ನೆನೆಯಬೇಕೆಂಬುದನ್ನು ಸಂಸ್ಕೃತಿ ಕಲ್ಲಿನಲ್ಲಿಯೂ ಬರೆದಿದೆ. ಕನ್ನಡ ನಾಡಿನಲ್ಲಿ ಕೊಂದು ಸತ್ತವನಿಗೆ ವೀರಗಲ್ಲು ನಿಲ್ಲಿಸಿದರು. ಸಮಾಧಿಮರಣದಿಂದ ದೇಹ ಬಿಟ್ಟವನಿಗೆ ನಿಷಿಧಿ ನಿಲ್ಲಿಸಿದರು. ಇಂದಿನ ಬಸದಿಗಳ ಅಮೃತಶಿಲೆಯ ಮೇಲೆ ಹೆಚ್ಚಾಗಿ ಕಾಣುವುದು ದಾನಿಗಳ ಹೆಸರು ಮತ್ತು ಮೊತ್ತ. ಮುಂದಿನ ಪೀಳಿಗೆ ಈ ಕಲ್ಲುಗಳನ್ನು ಓದಿ ಈ ಕಾಲದವರು ಯಾವುದನ್ನು ದೊಡ್ಡದೆಂದು ನೆನೆದರೆಂದು ತಿಳಿದುಕೊಳ್ಳುತ್ತದೆ. ಆಗ ನಾಚಿಕೆಪಡಲು ಇಂದಿನವರು ಯಾರೂ ಇರುವುದಿಲ್ಲ ಎಂಬುದೊಂದೇ ಸಮಾಧಾನ.

ಉಳಿದಿರುವ ಗಡುವು

ಸ್ಟೇಶನ್ ಬಜಾರದ ಹಳೆಯ ಮನೆಗಳ ಅಟ್ಟಗಳಲ್ಲಿ ಇನ್ನೂ ಪೆಟ್ಟಿಗೆಗಳಿವೆ. ನಿಜಾಮರ ಕಾಲದ ಉರ್ದು ಕಾಗದಪತ್ರಗಳು, ಮೋಡಿಯಲ್ಲಿಯೂ ಗುಜರಾತಿಯಲ್ಲಿಯೂ ಬರೆದ ವಹಿಗಳು, ಹಾಲಿ-ಕಲ್ದಾರದ ರೋಜುಕೀರ್ದಿಗಳು ಅವುಗಳಲ್ಲಿವೆ. ಆಡಳಿತ ಭಾಷೆ ಬದಲಾಯಿತು, ಶಾಲೆಯ ಲಿಪಿ ಬದಲಾಯಿತು; ಮೊಮ್ಮಕ್ಕಳಿಗೆ ತಮ್ಮ ಮನೆಯ ಕಾಗದವೇ ಪರದೇಶದ ಬರಹವಾಯಿತು. ಅವನ್ನು ಓದಬಲ್ಲ ಹಿರಿಯರು ವರುಷಕ್ಕೊಬ್ಬರು ಇಬ್ಬರಂತೆ ಕಣ್ಮರೆಯಾಗುತ್ತಿದ್ದಾರೆ. ಮಕ್ಕಳಿಗೆ ನೆನಪಿಲ್ಲವೆಂದು ಕಟ್ಟೆಯ ಮೇಲೆ ಗೊಣಗುವ ಹೊತ್ತಿನಲ್ಲಿ, ಒಂದು ವಹಿಯನ್ನು ಇಳಿಸಿ ಧೂಳು ಕೊಡವಿ ಮೊಮ್ಮಗನ ಮುಂದೆ ಒಂದು ಪುಟ ಓದಿ ಹೇಳಿದರೆ ಆಗದೆ? ಯಂತ್ರವನ್ನು ಬೈಯಬೇಕಾಗಿಲ್ಲ, ಅದೇ ಯಂತ್ರದಿಂದ ಮೊಮ್ಮಗನೇ ಪುಟದ ಚಿತ್ರ ತೆಗೆಯಲಿ, ಆದರೆ ಮುತ್ಯಾ ಹೇಳಿದ ಅರ್ಥವನ್ನು ತಾನೇ ಬರೆಯಲಿ. ವಾರಕ್ಕೊಂದು ಶ್ಲೋಕ ಅರ್ಥಸಹಿತ ಬಾಯಿಗೆ ಬರಲಿ. ವರುಷಕ್ಕೊಮ್ಮೆ ಮಳಖೇಡಕ್ಕೆ ಹೋದಾಗ ಬಸದಿಯ ಜೊತೆಗೆ ಬೃಂದಾವನವನ್ನೂ ಕೋಟೆಯನ್ನೂ ತೋರಿಸಿ, ಊರಿನ ಎಲ್ಲ ನೆನಪುಗಳನ್ನೂ ಹೇಳಲಿ.

ವರ್ತಕನು ಸಂಜೆ ರೋಜುಕೀರ್ದಿ ಕೂಡಿಸುತ್ತಾನೆ, ಶ್ರಾವಕನು ಪ್ರತಿಕ್ರಮಣ ಮಾಡುತ್ತಾನೆ. ಎರಡೂ ದಿನವನ್ನು ಹಿಂತಿರುಗಿ ನೆನೆಯುವ ಅಭ್ಯಾಸಗಳೇ. ಮೊದಲನೆಯದರಲ್ಲಿ ಪರರಿಂದ ಬರಬೇಕಾದದ್ದರ ಎಣಿಕೆ. ಎರಡನೆಯದರಲ್ಲಿ ತನ್ನಿಂದ ಪರರಿಗಾದ ನೋವಿನ ಎಣಿಕೆ. ದಶಲಕ್ಷಣದ ಕೊನೆಯ ಕ್ಷಮಾವಣಿ ವರುಷದ ತಾಳೆಪಟ್ಟಿ. ನೆನಪನ್ನು ಸಂಸ್ಕೃತಿ ರೂಪಿಸುತ್ತದೆಂಬ ಮಾತು ನಿಜವಾದರೆ, ತನ್ನ ತಪ್ಪನ್ನು ನೆನೆಯಲು ಕಲಿಸಿದ ಸಂಸ್ಕೃತಿ ಪರರ ತಪ್ಪನ್ನು ನೆನೆಯಲು ಕಲಿಸಿದ ಸಂಸ್ಕೃತಿಗಿಂತ ಹಿರಿದು. ಅದನ್ನು ಮಕ್ಕಳು ಯಂತ್ರದಿಂದ ಕಲಿಯಲಾರರು. ದಿನವೂ ಹಾಗೆ ನೆನೆಯುವ ಒಬ್ಬ ಹಿರಿಯನನ್ನು ನೋಡಿ ಕಲಿಯುತ್ತಾರೆ. ಅಂಥ ಹಿರಿಯನು ಮನೆಯಲ್ಲಿ ಇಲ್ಲದಿದ್ದರೆ, ಮರೆವಿನ ದೋಷ ಮೊಮ್ಮಗನದಲ್ಲ.